ಸ್ಪೀಕರ್ ಡಬ್ಬಿಯ ಮೇಲಿನ ಮೋಟಾರ್ ಮಾಮು

ಮೊದಲ ಭೇಟಿಯಲ್ಲೇ ಮೋಟಾರ್ ಮಾಮು ನನ್ನನ್ನು ಅರ್ಧ ತಾಸು ಬಿಸಿಲಲ್ಲಿ ನಿಲ್ಲಿಸಿದ್ದರು. ನಮ್ಮ ಶಾಲೆಯ ಬೋರ್‌ವೆಲ್ ಮೋಟಾರು ಸುಟ್ಟಿತ್ತು, ಮಕ್ಕಳಿಗೆ ಕುಡಿಯಲು ನೀರಿರಲಿಲ್ಲ, ಹೆಡ್ ಮಾಸ್ತರರು ರಜೆ ಹಾಕಿ ಮಗಳ ಊರಿಗೆ ಹೋಗಿದ್ದರು. ವಿಜ್ಞಾನ ಕಲಿಸುವವಳು ಎಂಬ ಒಂದೇ ತಪ್ಪಿಗೆ ಮೋಟಾರಿನ ಹೊಣೆ ನನ್ನ ಕೊರಳಿಗೆ ಬಿದ್ದಿತ್ತು. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ವೈಂಡಿಂಗ್ ಅಂಗಡಿ ಹುಡುಕಿಕೊಂಡು ಹೋದೆ. ಬಿಳಿ ಗಡ್ಡದ, ಸಣಕಲು ಮೈಯ ಮನುಷ್ಯರೊಬ್ಬರು ನೆಲದ ಮೇಲೆ ಕೂತು, ಕೈಚಕ್ರ ತಿರುಗಿಸುತ್ತ ತಾಮ್ರದ ತಂತಿ ಸುತ್ತುತ್ತಿದ್ದರು. "ನಮಸ್ಕಾರ್ರಿ" ಅಂದೆ. ತಲೆ ಎತ್ತಲಿಲ್ಲ. ಒಂದು ಬೆರಳು ಮಾತ್ರ ಮೇಲೆತ್ತಿದರು. ಇನ್ನೊಮ್ಮೆ ಅಂದೆ. ಬೆರಳು ಹಾಗೇ ಇತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತವರೂರು ಇಜೇರಿಯ ನಮ್ಮ ಮನೆತನದಿಂದ ನನ್ನ ಪಾಲಿಗೆ ಬಂದ ಆಸ್ತಿ ಅದೊಂದೇ. "ಏನ್ರಿ, ಬಂದ ಮನುಷ್ಯರು ಕಾಣಂಗಿಲ್ಲೇನ್ರಿ ನಿಮಗ?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದೆ.

ಅವರು ತಮ್ಮ ಪಾಡಿಗೆ ಸುತ್ತು ಮುಗಿಸಿ, ಸುರುಳಿಗೆ ದಾರ ಕಟ್ಟಿ, ಆಮೇಲೆ ಮುಖ ಎತ್ತಿದರು.

"ಕಾಣ್ತಾರ್ರಿ ಟೀಚರ್. ಆದ್ರ ಎಣಿಸೂಮುಂದ ಮಾತಾಡಿದ್ರ ಸುತ್ತು ತಪ್ಪತಾವ. ಸುತ್ತು ತಪ್ಪಿತಂದ್ರ ಹದಿನೈದ ದಿನದಾಗ ಮೋಟಾರ್ ಮತ್ತ ಸುಡ್ತದ, ನೀವು ಮತ್ತ ಇಲ್ಲೇ ಬಂದು ನನಗ ಬೈತೀರಿ. ಒಮ್ಮೆ ಬೈಸಿಕೊಳ್ಳೂದು ಛಲೋನೋ, ಎರಡ ಸಲ ಛಲೋನೋ ನೀವ ಹೇಳ್ರಿ."

ನಾನು ಟೀಚರ್ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, "ಬೈಯೂದ್ರಾಗ ಗೊತ್ತಾತ್ರಿ" ಎಂದರು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ನಲ್ಲಿಯಲ್ಲಿ ನೀರು ಬಂತು. ಆ ಮೋಟಾರು ಇವತ್ತಿಗೂ ಸುಟ್ಟಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅಂಗಡಿಗೇ ಬೋರ್ಡು ಹಾಕದಿದ್ದ ಮನುಷ್ಯ ಅವರು. ಕೇಳಿದರೆ, "ಮೋಟಾರ್ ಸುಟ್ಟಾಂವಗ ಹಾದಿ ಗೊತ್ತಿರ್ತದ" ಎನ್ನುತ್ತಿದ್ದರು. ಊರಿಗೆಲ್ಲ ಮೋಟಾರ್ ಮಾಮು, ಬರಬರುತ್ತ ನನಗೂ ಬರೀ ಮಾಮು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮೊನ್ನೆ ಆ ಓಣಿಯಲ್ಲಿ ಹಾಯ್ದು ಬರುವಾಗ ನೋಡಿದೆ, ಅವರ ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರು ಮಾರುವ ಅಂಗಡಿ ಬಂದಿದೆ, ಅದಕ್ಕೆ ದೊಡ್ಡ ಬೋರ್ಡೂ ಇದೆ. ಮನೆಗೆ ಬಂದವಳೇ ಪರೀಕ್ಷೆಯ ಪೇಪರುಗಳನ್ನು ಬದಿಗೆ ಸರಿಸಿ ಇದನ್ನು ಬರೆಯಲು ಕೂತಿದ್ದೇನೆ.

ಅಂಗಡಿಯ ಗೋಡೆಗೆ ಹಳೆಯ ಸ್ಟಾರ್ಟರುಗಳು, ಬೆಲ್ಟುಗಳು, ತಾಮ್ರದ ಸುರುಳಿಗಳ ನಡುವೆ ಒಂದು ಎಲೆಕ್ಟ್ರಿಕ್ ಗಿಟಾರು ತೂಗುತ್ತಿತ್ತು. ಅದೂ ರಿಪೇರಿಗೆ ಬಂದದ್ದೇ ಇರಬೇಕು ಎಂದುಕೊಂಡಿದ್ದೆ. ಸೊಲ್ಲಾಪುರದ ಹಳೇ ಸಾಮಾನಿನ ಪೇಟೆಯಲ್ಲಿ ಸಿಕ್ಕದ್ದಂತೆ. ಬಣ್ಣ ಕಿತ್ತುಹೋಗಿತ್ತು, ತಂತಿಯ ಸದ್ದು ಹಿಡಿಯುವ ಒಳಗಿನ ಸುರುಳಿ ಸತ್ತಿತ್ತು. ಮಾಮು ಕೂದಲೆಳೆಯಂಥ ತಾಮ್ರದ ತಂತಿ ತಂದು ಆ ಸುರುಳಿಯನ್ನು ತಾವೇ ಸುತ್ತಿದ್ದರು. ಎಷ್ಟೋ ಸಾವಿರ ಸುತ್ತು. ಆ ಎರಡು ದಿನ ಯಾರು ಬಂದರೂ ಒಂದೇ ಬೆರಳಂತೆ. ಮನೆಯಿಂದ ಊಟದ ಡಬ್ಬಿ ತಂದ ಹೆಂಡತಿಗೂ ಅದೇ ಬೆರಳು ತೋರಿಸಿದ್ದಕ್ಕೆ ಆಕೆ ಡಬ್ಬಿ ವಾಪಸು ಒಯ್ದಳು, ನಾನು ಉಪವಾಸ ಬಿದ್ದೆ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಅವರು ಗಿಟಾರು ನುಡಿಸುವ ರೀತಿಯೂ ಬೇರೆ. ಎಡಗೈಯ ಕಿರುಬೆರಳಿಗೆ ಒಂದು ಹಿತ್ತಾಳೆಯ ಬುಶ್ ತೊಡುತ್ತಿದ್ದರು. ಮೋಟಾರಿನೊಳಗೆ ಶಾಫ್ಟು ತಿರುಗುವ ಕೊಳವೆಯಂಥ ತುಂಡು ಅದು. ಸವೆದುಹೋಯಿತೆಂದು ಕಿತ್ತೊಗೆದ ಬುಶ್ಶನ್ನು ಪಾಲಿಶ್ ಕಾಗದದಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ ಬೆರಳಿಗೆ ಹೊಂದಿಸಿಕೊಂಡಿದ್ದರು. ತಂತಿಯನ್ನು ಬೆರಳಿಂದ ಒತ್ತುವುದಿಲ್ಲ, ಬುಶ್ಶು ತಂತಿಯ ಮೇಲೆ ಜಾರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ನಡೆದುಕೊಂಡು ಹೋಗುತ್ತದೆ. ಹಾದಿಯಲ್ಲಿ ಅಳುತ್ತದೆ, ನರಳುತ್ತದೆ, ಒಮ್ಮೊಮ್ಮೆ ಹಲ್ಲು ಕಚ್ಚಿ ಬೈಯುತ್ತದೆ. ಪ್ರಾಯದಲ್ಲಿ ಸೊಲ್ಲಾಪುರದ ಮದುವೆ ಆರ್ಕೆಸ್ಟ್ರಾ ಒಂದರಲ್ಲಿದ್ದಾಗ ಗೋವಾದ ಮುದುಕನೊಬ್ಬ ಇದನ್ನು ಕಲಿಸಿದ್ದನಂತೆ. ಎಷ್ಟೋ ವರ್ಷದ ಮೇಲೆ ಯಾರೋ ಅವರ ಫೋನಿನಲ್ಲಿ ಅಮೆರಿಕದ ಕರಿಯ ಮುದುಕರ ವಿಡಿಯೋ ಹಾಕಿಕೊಟ್ಟರು. ಅವರೂ ಬೆರಳಿಗೆ ಬಾಟಲಿಯ ಕುತ್ತಿಗೆ ತೊಟ್ಟು ಹೀಗೇ ನುಡಿಸುತ್ತಿದ್ದರು. ಅದಕ್ಕೆ ಸ್ಲೈಡ್ ಅನ್ನುತ್ತಾರೆ, ಆ ಹಾಡಿಗೆ ಬ್ಲೂಸ್ ಅನ್ನುತ್ತಾರೆ ಎಂದು ಮಾಮುಗೆ ತಿಳಿದದ್ದು ಅರವತ್ತರ ಹತ್ತಿರ.

"ಪೂರಾ ನಮ್ಮ ಮಂದಿ ಇದ್ದಂಗ ಅದಾರ ನೋಡು ಬೇಟಿ" ಎಂದು ನನಗೆ ಫೋನು ತೋರಿಸಿದ್ದರು. "ಒಂದ ಮಾತು ಹೇಳ್ತಾರ. ಯಾರೂ ಕೇಳಲಿಲ್ಲ ಅಂತ ಅದನ್ನ ಮತ್ತ ಹೇಳ್ತಾರ. ಮೂರನೇ ಸಲಕ್ಕ ಬೈತಾರ."

ಅಷ್ಟು ಹೊತ್ತಿಗೆ ನಾನು ಅವರಿಗೆ ಟೀಚರ್ ಹೋಗಿ ಬೇಟಿ ಆಗಿದ್ದೆ. ನಡೆದದ್ದು ಇಷ್ಟೇ: ಮೊದಲ ದಿನವೇ ಸಂಜೆ ರಿಪೇರಿಯಾದ ಮೋಟಾರು ತರಲು ಹೋಗಿ ಕಾಯುತ್ತ ನಿಂತು, ಬಾಯಲ್ಲೇ ಏನೋ ಗುನುಗುತ್ತಿದ್ದೆ. ಸಣ್ಣವಳಿದ್ದಾಗ ಇಜೇರಿಯ ಮಠದಲ್ಲಿ ವಚನ ಹಾಡುತ್ತಿದ್ದ ಕೊರಳು ನನ್ನದು. ಮದುವೆ, ನೌಕರಿ, ಮಕ್ಕಳು ಎಂದು ಅದನ್ನು ಅಟ್ಟಕ್ಕೆ ಹಾಕಿಟ್ಟಿದ್ದೆ. ಮಾಮು ಕೈಯ ಕೆಲಸ ಬಿಟ್ಟು, "ಇನ್ನೊಂದ ಸಲ, ತುಸು ಗಟ್ಟಿಯಾಗಿ" ಎಂದರು. ಎಂದೂ ಯಾರಿಗೂ ಕೆಲಸ ನಿಲ್ಲಿಸದ ಮನುಷ್ಯ ನಿಲ್ಲಿಸಿದರಲ್ಲ ಎಂದು ಹಾಡಿದೆ. ಅವತ್ತಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಹಾಜರಿ ಅಂಗಡಿಯಲ್ಲಿ. ನಮ್ಮ ಯಜಮಾನರು ಒಮ್ಮೆ, "ಶಾಲೆಯ ಮೋಟಾರ್ ಇನ್ನೂ ರಿಪೇರಿ ಆಗಿಲ್ಲೇನು?" ಎಂದು ಕೇಳಿದರು. ಮುಂದಿನ ವಾರ ಅವರನ್ನೂ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತು ಎರಡನೇ ಹಾಡಿಗೇ ನಿದ್ದೆ ಹೋದರು, ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಮೂರನೆಯವನು ಬಸು. ಗೂಡ್ಸ್ ಆಟೋ ಓಡಿಸುತ್ತಿದ್ದ. ಹಲಗೆ ಬಾರಿಸುವ ಮನೆತನದವನು, ಯಾವುದೋ ಬ್ಯಾಂಡಿನವರು ಬಿಟ್ಟುಹೋದ ಡ್ರಮ್ ಸೆಟ್ಟು ಇಟ್ಟುಕೊಂಡಿದ್ದ. ಅವನು ಬಡಿಯತೊಡಗಿದರೆ ಸ್ಟಾರ್ಟರುಗಳು ಗೋಡೆಯ ಮೇಲೆ ಕುಣಿಯುತ್ತಿದ್ದವು. ಮಾಮುನ ಬ್ಲೂಸಿಗೆ ರಾಕ್ ಸೇರಿದ್ದು ಬಸುವಿನ ಕೈಯಿಂದ.

ನಮ್ಮ ಆಂಪ್ಲಿಫೈಯರು ಹಳೆಯದು, ಅಂಗಡಿಯ ಅರ್ಥಿಂಗ್ ಅದಕ್ಕಿಂತ ಹಳೆಯದು. ಸ್ವಿಚ್ಚು ಹಾಕಿದ ಕೂಡಲೇ 'ಗುಂಯ್' ಎಂದು ಒಂದೇ ಸಮ ಸದ್ದು. ನನಗೆ ತಲೆನೋವು. ಇದನ್ನು ತೆಗೆಸಲು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಮಾಮು ಗಿಟಾರಿನ ತಂತಿ ತಿರುವುತ್ತ, "ಯಾಕ ತೆಗೀಬೇಕು? ಇದು ಕರೆಂಟಿನ ಶ್ರುತಿ. ನಲವತ್ತ ವರ್ಷ ಮೋಟಾರಿನಾಗ ಇದನ್ನ ಕೇಳೇನಿ. ಹಾಡವ್ರಿಗೆ ತಂಬೂರಿ ಬಾರಿಸಾಕ ಒಬ್ಬಾಂವ ಬೇಕು. ನಮಗ ವಿದ್ಯುತ್ ಮಂಡಳಿಯವ್ರ ಬಾರಿಸಿ ಕೊಡ್ತಾರ" ಎಂದರು. ಆ ಗುಂಯ್‌ಗೇ ಆರೂ ತಂತಿ ಹೊಂದಿಸಿದರು. ನಾನು ಅದರ ಮೇಲೇ ಹಾಡಲು ಕಲಿತೆ. ಒಂದು ತಿಂಗಳಲ್ಲಿ ಆ ಸದ್ದು ಇಲ್ಲದಿದ್ದರೆ ನನಗೇ ಬರಿದು ಅನಿಸತೊಡಗಿತು.

ಸೊನ್ನದ ಬ್ಯಾರೇಜಿನ ಗೇಟು ಎತ್ತಿದ ಒಂದು ಮಳೆಗಾಲ ಭೀಮೆ ಉಕ್ಕಿ, ದಂಡೆಯ ಮೋಟಾರುಗಳೆಲ್ಲ ಮುಳುಗಿದವು. ಮಣ್ಣೂರು ಮಾಮುನ ಹುಟ್ಟೂರು. ಅಲ್ಲಿಂದ ಹಿಡಿದು ಎಲ್ಲ ಊರುಗಳ ಮೋಟಾರುಗಳು ಕೆಸರು ಮೆತ್ತಿಕೊಂಡು ಅಂಗಡಿಗೆ ಬಂದವು. ಒಳಗೆ ಜಾಗ ಸಾಲದೆ ಓಣಿಯ ಎರಡೂ ಬದಿಗೆ ಸಾಲು ಹಚ್ಚಿದ್ದರು. ಮಾಮು ಹದಿನೆಂಟು ದಿನ ಮನೆಗೆ ಹೋಗಲಿಲ್ಲ. ಹಿಂಗಾರಿಗೆ ನೀರು ಹಾಯಿಸುವ ಹೊತ್ತಿಗೆ ಒಂದೂ ಉಳಿಯಬಾರದೆಂದು ಹಟ ಹಿಡಿದು ಕೂತುಬಿಟ್ಟಿದ್ದರು. ಆಗ ಸುತ್ತು ಎಣಿಸುತ್ತ ಎಣಿಸುತ್ತ ಕಟ್ಟಿದ್ದು ಈ ಹಾಡು:

ಭೀಮಾ ತುಂಬಿ ಬಂದಾಳ, ನನ್ನ ಮೋಟಾರ್ ಮುಳುಗಿ ಹೋತಲ್ಲ
ಭೀಮಾ ತುಂಬಿ ಬಂದಾಳ, ನನ್ನ ಮೋಟಾರ್ ಮುಳುಗಿ ಹೋತಲ್ಲ
ನೀರು ಬೇಡಿದಾಂವ ನಾನ ಖರೆ, ಆದ್ರ ಇಷ್ಟು ಬೇಡಿದ್ದಿಲ್ಲ

ಕೇಳಿ ನಾನು ಮೊದಲು ನಕ್ಕೆ. ಆಮೇಲೆ ಮೂರನೆಯ ಸಾಲಿನ ಹಿಂದೆ ಆ ಬುಶ್ಶು ತಂತಿಯ ಮೇಲೆ ಜಾರಿ ಕೆಳಗಿಳಿಯಿತಲ್ಲ, ಅಲ್ಲಿ ಕಣ್ಣಲ್ಲಿ ನೀರು ಬಂತು. ಮೋಟಾರು ಒಯ್ಯಲು ಬಂದಿದ್ದ ಮೂವರು ರೈತರೂ ಹೋಗುವುದು ಬಿಟ್ಟು ನಿಂತಿದ್ದರು.

ಆದರೆ ಕಾರ್ಯಕ್ರಮ ಅಂದರೆ ಬೇರೆ ಮಾತು. ಮದುವೆ, ಗಣಪತಿ, ಉರುಸು, ಎಲ್ಲಿ ಕರೆದರೂ ನಮ್ಮದು ಆರ್ಕೆಸ್ಟ್ರಾದವರ ನಡುವಿನ ಹತ್ತು ನಿಮಿಷ. ಹಾಡುಗಾರರು ಚಹಾ ಕುಡಿದು ಬರುವತನಕ ಜನ ಎದ್ದು ಹೋಗದಂತೆ ಹಿಡಿದಿಡುವ ಕೆಲಸ. ಎರಡು ನಿಮಿಷಕ್ಕೇ ಮುಂದಿನ ಸಾಲಿನಿಂದ, "ಮಾಮು, ಸಿನಿಮಾದ್ದು ಒಂದ ಹೊಡೀರಿ!" ಎಂಬ ಕೂಗು. ಮಾಮು ಹೊಡೆಯುತ್ತಿದ್ದರು. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಆಟೋದಲ್ಲಿ ವಾಪಸು ಬರುವಾಗ, "ಒಂದ ಸಲ ಬೇಟಿ" ಎಂದರು. "ಒಂದ ಸಲ ಪೂರಾ ಕಾರ್ಯಕ್ರಮ ನಮ್ದ ಆಗಬೇಕು. ಶುರುದಿಂದ ಕಡೀತನಕ ಸ್ಲೈಡ್. ನಡುವ ಯಾರದೂ ಹಾಡಿಲ್ಲ. ಕುಂತ ಮಂದಿ ಕುಂತಲ್ಲೇ ಇರಬೇಕು."

"ಮಾಡೂಣ್ರಿ ಮಾಮು, ಅವಸರ ಏನದ" ಎಂದೆ.

"ಅವಸರ ಅದ" ಎಂದರು. ಯಾಕೆಂದು ತಿಳಿದದ್ದು ಆಳಂದದ ಮದುವೆಯಲ್ಲಿ.

ಮಾಮುಗೆ ಒಂದು ವಿಚಿತ್ರ ಚಾಳಿ ಇತ್ತು. ಎಲ್ಲೇ ನುಡಿಸಲಿ, ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ. ದೊಡ್ಡ ಸ್ಪೀಕರಿನ ಕಟ್ಟಿಗೆಯ ಡಬ್ಬಿಯನ್ನೇ ಹಿಂದಕ್ಕೆಳೆದು ಅದರ ಮೇಲೆ ಕೂಡುತ್ತಿದ್ದರು. ನಾವದನ್ನು ಸ್ಟೈಲು ಅಂದುಕೊಂಡಿದ್ದೆವು. ಬಸು, "ಮಾಮು ಕುದುರಿ ಏರಿದ್ರು ನೋಡ್ರಿ" ಎಂದು ತಮಾಷೆ ಮಾಡುತ್ತಿದ್ದ. ಆಳಂದದ ಮದುವೆಮನೆಯವರು ಮಾಮುನ ಹಳೆಯ ಗಿರಾಕಿಗಳು, ಮರ್ಯಾದಸ್ಥ ಜನ. ಹಿರಿಯ ಮನುಷ್ಯರು ಡಬ್ಬಿಯ ಮೇಲೆ ಕೂಡುವುದು ನೋಡಿ ಅವರ ಜೀವ ಕೇಳಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಬೇಡಬೇಡವೆಂದರೂ ಕೇಳದೆ ರಟ್ಟೆ ಹಿಡಿದು ಒಯ್ದು ಮದುಮಕ್ಕಳು ಕೂಡುವ ಕೆಂಪು ಮಖಮಲ್ಲಿನ ಸೋಫಾದಲ್ಲಿ ಕೂಡಿಸಿದರು. ಅದು ಅವರನ್ನು ಮೊಣಕಾಲಿನತನಕ ನುಂಗಿತು. ನಾನೂ ನಿಂತು ಚಪ್ಪಾಳೆ ಹೊಡೆದೆ. ಯಾರಾದರೂ ಈ ಮನುಷ್ಯರಿಗೆ ಸನ್ಮಾನ ಮಾಡಿದರಲ್ಲ ಎಂಬ ಹೆಮ್ಮೆ ನನಗೆ.

ನುಡಿಸಲು ಶುರುಮಾಡಿದರು. ಸ್ವರ ಜಾಗ ಬಿಟ್ಟು ಕೂತಿತು. ಬುಶ್ಶು ತುಸು ಮೇಲೆ ನಿಂತಿದೆ, ಈಗ ಸರಿ ಮಾಡಿಕೊಳ್ಳುತ್ತಾರೆ ಎಂದು ಕಾದೆ. ಮಾಡಿಕೊಳ್ಳಲಿಲ್ಲ. ನಾನು ಹಾಡಿನಲ್ಲೇ ಎಳೆಯಲು ನೋಡಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತ, ಇನ್ನೂ ತಪ್ಪು ಜಾಗಕ್ಕೆ ಹೋದರು. ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. "ಕಿವುಡನ ಮುಂದ ಶಂಖ ಊದಿದಂಗ ಅಂತ ಕೇಳಿದ್ದೆವು, ಕಿವುಡನೇ ಶಂಖ ಊದೂದು ಇವತ್ತ ನೋಡಿದ್ವಿ" ಎಂದು ಯಾರೋ ಅಂದರು. ಸುಮ್ಮನೆ ಅಂದ ಮಾತು, ಅವರಿಗೇನೂ ಗೊತ್ತಿರಲಿಲ್ಲ. ಗೊತ್ತಾದದ್ದು ನನಗೆ. ಮಾಮು ಫೋನನ್ನು ಅಷ್ಟು ಗಟ್ಟಿಯಾಗಿ ಇಟ್ಟು ವಿಡಿಯೋ ನೋಡುತ್ತಿದ್ದುದು, ಮೊದಲೆಲ್ಲ ಫೋನಿನಲ್ಲೇ ಮೋಟಾರಿನ ಸದ್ದು ಕೇಳಿ ರೋಗ ಹೇಳುತ್ತಿದ್ದವರು ಈಗೀಗ ಎಲ್ಲರಿಗೂ "ತಗೊಂಡ ಬರ್ರಿ" ಎನ್ನುತ್ತಿದ್ದುದು, ನಾನು ಮಾತಾಡುವಾಗ ನನ್ನ ತುಟಿ ನೋಡುತ್ತಿದ್ದುದು, ಎಲ್ಲ ಒಮ್ಮೆಗೇ ತಿಳಿಯಿತು. ಡಬ್ಬಿಯ ಮೇಲೆ ಕೂತರೆ ಆ ಗುಂಯ್ ಅವರ ಎಲುಬಿಗೆ ತಾಕುತ್ತಿತ್ತು. ಸ್ವರ ಸರಿ ಕೂತರೆ ಡಬ್ಬಿಯ ಅದುರು ಸಮ ಆಗುತ್ತದೆ, ತಪ್ಪಿದರೆ ತುಯ್ದಾಡುತ್ತದೆ. ಅವರು ಕೇಳುತ್ತಿದ್ದದ್ದು ಕಿವಿಯಿಂದಲ್ಲ. ನಾವು ಮರ್ಯಾದೆ ಮಾಡಿ ಆ ಕಿವಿಯನ್ನೇ ಕಿತ್ತುಕೊಂಡಿದ್ದೆವು.

ಮರುದಿನ ಅಂಗಡಿಗೆ ಹೋಗಿ ಜಗಳ ತೆಗೆದೆ. ಗಟ್ಟಿಯಾಗಿ ಕೂಗಿಯೇ ತೆಗೆದೆ, ಅವರಿಗೆ ಕೇಳಬೇಕಲ್ಲ.

"ನನಗ ಯಾಕ ಹೇಳಲಿಲ್ರಿ? ಆ ಮಂದಿ ನಕ್ಕರಲ್ಲ, ಯಾಕ ನಗಿಸಿಕೊಂಡ್ರಿ?"

ಮಾಮು ಸ್ಕ್ರೂಡ್ರೈವರಿನ ಒಂದು ತುದಿಯನ್ನು ಓಡುತ್ತಿದ್ದ ಮೋಟಾರಿಗೆ ಹಚ್ಚಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಬೇರಿಂಗಿನ ಸದ್ದನ್ನು ಈಗ ಹಾಗೆ ಕೇಳುತ್ತಿದ್ದರು. ಅದನ್ನು ತೆಗೆದಿಟ್ಟು ಮೋಟಾರು ಬಂದ್ ಮಾಡಿದರು.

"ಎಡಗಿವಿ ಪೂರಾ ಹೋಗ್ಯಾದ. ಬಲಗಿವಿ ಇನ್ನೊಂದ ವರ್ಷ ಅಂದಾರ ಕಲಬುರಗಿ ಡಾಕ್ಟರ್. ಮಶೀನ್ ಹಾಕಿ ನೋಡಿದೆ. ಸ್ಟೀಲಿನ ಡಬ್ಬ್ಯಾಗ ಹರಳು ಹಾಕಿ ಅಲ್ಲಾಡಿಸಿದಂಗ ಆಗ್ತದ. ಅದ್ರಾಗ ಹಾಡ ಇರೂದಿಲ್ಲ."

"ಮಂದಿಗೆ ಹೇಳಿದ್ರ ತಿಳ್ಕೋತಿದ್ರು."

"ತಿಳ್ಕೋತಾರ. ಅದ ಬ್ಯಾಡ ಅನ್ನೂದು. ಕಿವುಡ ಅಂತ ಗೊತ್ತಾತಂದ್ರ ಹೆಂಗ ನುಡಿಸಿದ್ರೂ ಚಪ್ಪಾಳಿ ಹೊಡೀತಾರ. ಪಾಪ, ಮುದುಕಗ ಕಿವಿ ಕೇಳಂಗಿಲ್ಲ, ಆದರೂ ನುಡಸ್ತಾನ ಅಂತಾರ. ನನಗ ಆ 'ಪಾಪ' ಬ್ಯಾಡ ಬೇಟಿ. ಒಂದ ಕಾರ್ಯಕ್ರಮ. ಪಾಪ ಅನ್ನಿಸಿಕೊಳ್ಳದ. ಆಮ್ಯಾಲ ಯಾರಿಗೆ ಏನ ಹೇಳಬೇಕೋ ನಾನ ಹೇಳ್ತೇನಿ. ಅಲ್ಲೀತನಕ ನಿನ್ನ ಬಾಯಿಗೆ ಬೀಗ."

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿಕೆ ಶುರುವಾಯಿತು. ಒಂದು ವರ್ಷವೆಂದರೆ ಎಷ್ಟು ಭಾನುವಾರ? ಬಸುವಿಗೆ ಮಾತ್ರ ಹೇಳುವುದು ಅನಿವಾರ್ಯವಾಯಿತು, ಯಾಕೆಂದರೆ ಡ್ರಮ್ಮನ್ನು ಡಬ್ಬಿಗೆ ಆನಿಸಿಯೇ ಇಡಬೇಕಿತ್ತು, ಅದರ ಹೊಡೆತವೂ ಮಾಮುನ ಮೈಗೆ ತಾಕಬೇಕಿತ್ತು. ಬಸು ಆಗಲೇ ಡ್ರಮ್ಮನ್ನು ಡಬ್ಬಿಯ ಕಡೆಗೆ ಸರಿಸುತ್ತ, "ನಾ ಇನ್ನ ಮ್ಯಾಲ ಜೋರ ಹೊಡೀತೇನಿ ಬಿಡ್ರಿ ಟೀಚರ್ರಿ" ಎಂದ. ಭಾನುವಾರದ ಜೊತೆಗೆ ಬುಧವಾರವೂ ಸೇರಿತು. ಮಾಮು ಒಂದೊಂದು ಹಾಡನ್ನೂ ಮೈಗೆ ಕಲಿಸತೊಡಗಿದರು. ಕಣ್ಣುಮುಚ್ಚಿ ಬುಶ್ಶು ಜಾರಿಸುವುದು, ಡಬ್ಬಿ ಸಮ ಆಗುವತನಕ ನಿಲ್ಲುವುದು, ನನ್ನ ಮುಖ ನೋಡುವುದು. ತಪ್ಪಿದ್ದರೆ ನಾನು ಅಡ್ಡಡ್ಡ ತಲೆಯಾಡಿಸಬೇಕು, ಸುಳ್ಳು ಹೇಳಬಾರದು. ಒಂದೇ ಜಾಗಕ್ಕೆ ಇಪ್ಪತ್ತು ಸಲ ತಲೆಯಾಡಿಸಿದ ದಿನಗಳಿವೆ. ಮನೆಗೆ ಬಂದು ಅತ್ತದ್ದೂ ಇದೆ. ಅವರು ಇಪ್ಪತ್ತೊಂದನೆಯ ಸಲ ಬುಶ್ಶು ಇಡುತ್ತಿದ್ದರು. ಬೇಸರ ಎಂಬುದನ್ನು ಆ ಮನುಷ್ಯರಲ್ಲಿ ನಾನು ಹುಡುಕಿದರೂ ಸಿಗಲಿಲ್ಲ.

ಜಾಗ ಸಿಕ್ಕದ್ದು ಜೇವರ್ಗಿಯಲ್ಲಿ. ಅಲ್ಲಿಯ ಒಂದು ದಾಲ್ ಮಿಲ್ಲಿನ ಮಾಲೀಕರ ಮೋಟಾರುಗಳೆಲ್ಲ ಮಾಮುನ ಕೈಯಲ್ಲಿ ಮರುಜನ್ಮ ಪಡೆದವು. ತೊಗರಿ ಒಣಹಾಕುವ ದೊಡ್ಡ ಸಿಮೆಂಟ್ ಕಣ ಇತ್ತು, ಸುಗ್ಗಿ ಮುಗಿದು ಬರಿದಾಗಿತ್ತು. "ಒಂದ ಸಂಜಿ ಕೊಡ್ರಿ ಸಾವಕಾರ್ರ" ಎಂದರು ಮಾಮು. ಕೊಟ್ಟರು. ನಾಲ್ಕು ಗಂಟೆಗೆ ಶುರು ಎಂದು ನಿಗದಿಯಾಯಿತು. ಬಸು ಆಟೋಕ್ಕೆ ಮೈಕು ಕಟ್ಟಿ ಜೇವರ್ಗಿಯ ಓಣಿಗಳಲ್ಲೆಲ್ಲ ಒದರಿ ಬಂದ. ಸಿನಿಮಾ ಹಾಡು ಇರುವುದಿಲ್ಲ ಎಂದೂ ಒದರಬೇಕು, ಆಮೇಲೆ ಮೋಸ ಆಯಿತು ಅನ್ನಬಾರದು ಎಂದು ಮಾಮುನ ಕಟ್ಟಪ್ಪಣೆ. ಹಾಗೆ ಒದರಿದರೆ ನಾಯಿಯೂ ಬರುವುದಿಲ್ಲ ಎಂದು ನಾನು ವಾದಿಸಿ ಸೋತೆ.

ಜನ ಬಂದರು. ಮಿಲ್ಲಿನ ಹಮಾಲರು, ತೊಗರಿ ಆರಿಸುವ ಹೆಣ್ಣುಮಕ್ಕಳು, ಪೇಟೆಯವರು, ಸಿನಿಮಾ ಹಾಡಿಲ್ಲದ ಆರ್ಕೆಸ್ಟ್ರಾ ಅಂದರೆ ಎಂಥದಪ್ಪ ಎಂದು ನೋಡಲು ಬಂದವರು. ಕುರ್ಚಿ ಸಾಲದೆ ಗೋಣಿಚೀಲದ ಮೇಲೆ ಕೂತರು. ಮಾಮು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಡಬ್ಬಿಯ ಮೇಲೆ ಕೂತಿದ್ದರು. ಅಂಗೈಯನ್ನು ಡಬ್ಬಿಯ ಬದಿಗೆ ಇಟ್ಟು, ಗುಂಯ್ ಬಂದದ್ದು ನೋಡಿಕೊಂಡು, ತಂತಿ ಹೊಂದಿಸಿ, ನನ್ನ ಕಡೆ ನೋಡಿದರು. ಸರಿ ಎಂದು ಗೋಣು ಹಾಕಿದೆ.

ಮೊದಲ ಹಾಡಿಗೆ ಜನ ಸುಮ್ಮನೆ ನೋಡಿದರು. ಎರಡನೆಯದಕ್ಕೆ ಬಸುವಿನ ಹೊಡೆತಕ್ಕೆ ಹಮಾಲರ ಕಾಲು ಅಲುಗತೊಡಗಿದವು. ಮೂರನೆಯದು ಭೀಮೆಯ ಹಾಡು. ಮೊದಲ ಸಾಲು ಹಾಡಿ, ಎರಡನೆಯದಕ್ಕೆ ಉಸಿರು ತೆಗೆದುಕೊಂಡೆ, ಕರೆಂಟು ಹೋಯಿತು.

ಗುಂಯ್ ಸತ್ತಿತು. ಮೈಕು, ಗಿಟಾರು ಎಲ್ಲ ಮೂಕ. ಜನ ಹೋ ಎಂದರು. ಮಿಲ್ಲಿನ ಮೂಲೆಯಲ್ಲಿ ಯಾರೋ ಓಡಿಹೋಗಿ ಜನರೇಟರು ಎಳೆದರು. ಡಗಡಗ ಎಂದು ಅದು ಹತ್ತಿತು, ಆಂಪ್ಲಿಫೈಯರಿಗೆ ಜೀವ ಬಂತು, ಗುಂಯ್ ಮತ್ತೆ ಎದ್ದಿತು. ಆದರೆ ಅದು ನಮ್ಮ ಗುಂಯ್ ಆಗಿರಲಿಲ್ಲ. ಹಳೆಯ ಜನರೇಟರು ತುಸು ಜೋರಾಗಿ ಓಡುತ್ತಿತ್ತು. ಸದ್ದು ಒಂದು ಕೂದಲು ಮೇಲಕ್ಕೇರಿತ್ತು, ಅದೂ ನಿಂತಲ್ಲಿ ನಿಲ್ಲದೆ ಏರಿಳಿಯುತ್ತಿತ್ತು. ತಂತಿಗಳೆಲ್ಲ ಹಳೆಯ ಶ್ರುತಿಗೆ ಕಟ್ಟಿದ್ದವು. ಕೆಳಗಿನ ಡಬ್ಬಿ ಬೇರೆ ಮಾತು ಹೇಳುತ್ತಿತ್ತು. ಆಳಂದದ ಸೋಫಾ ಕಣ್ಣ ಮುಂದೆ ಬಂತು. ಬಂದ್ ಮಾಡಿಬಿಡೋಣ ಎಂದು ಕೈ ಮಾಡಿದೆ.

ಮಾಮು ನನಗೆ ಒಂದು ಬೆರಳು ತೋರಿಸಿದರು. ತಾಳು.

ಕಣ್ಣು ಮುಚ್ಚಿದರು. ಬುಶ್ಶನ್ನು ತಂತಿಯ ಮೇಲಿಟ್ಟು ಒಂದೇ ಸ್ವರ ಎಳೆದರು. ಅದು ಜನರೇಟರಿನ ಸದ್ದಿಗೆ ತಾಕಿ ತುಯ್ದಾಡಿತು. ತುಸು ಮೇಲೆ ಜಾರಿಸಿದರು, ತುಯ್ದಾಟ ನಿಧಾನವಾಯಿತು. ಇನ್ನೂ ಒಂದೆಳೆ ಜಾರಿಸಿದರು, ಎರಡೂ ಒಂದಾದವು. ಜನರೇಟರು ತಗ್ಗಿತು, ಬುಶ್ಶೂ ತಗ್ಗಿತು. ಅದು ಏರಿತು, ಬುಶ್ಶೂ ಏರಿತು. ಹಾರ್ಮೋನಿಯಮ್ಮಿನವರಿಗೆ ಇದು ಆಗದ ಮಾತು, ಅವರ ಸ್ವರಕ್ಕೆ ಮನೆಗಳಿವೆ. ಸ್ಲೈಡಿಗೆ ಗೋಡೆ ಇಲ್ಲ. ಬುಶ್ಶು ತಾಕದ ಒಂದು ಬಿಚ್ಚು ತಂತಿಯನ್ನೂ ಮೀಟದೆ, ಎಲ್ಲವನ್ನೂ ಬುಶ್ಶಿನ ಕೆಳಗೇ ಇಟ್ಟುಕೊಂಡು, ಆ ಕುಡುಕ ಜನರೇಟರಿನ ಕೈ ಹಿಡಿದು ನಡೆಸತೊಡಗಿದರು. ಬಸು ಮೆಲ್ಲಗೆ ಹೊಡೆತ ಸೇರಿಸಿದ. ಗಿಟಾರು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ನಾನು ಎರಡನೇ ಸಾಲು ಎತ್ತಿಕೊಂಡೆ. ಮೂರನೆಯದಕ್ಕೆ, 'ಇಷ್ಟು ಬೇಡಿದ್ದಿಲ್ಲ' ಎಂಬಲ್ಲಿ ಸ್ವರ ಅಲುಗಿದ್ದನ್ನು ಜನ ಹಾಡಿನದೇ ಅಳು ಅಂದುಕೊಂಡರು. ಗೋಣಿಚೀಲದ ಮೇಲೆ ಕೂತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದುಕೊಂಡಿದ್ದರು.

ಕರೆಂಟು ಕೊನೆಯವರೆಗೂ ಬರಲಿಲ್ಲ. ಒಂದೂವರೆ ತಾಸು, ಒಂಬತ್ತು ಹಾಡು, ಮೊದಲೆರಡು ಬಿಟ್ಟು ಎಲ್ಲ ಆ ಜನರೇಟರಿನ ಮೇಲೆಯೇ. ಸಿನಿಮಾದ್ದು ಹೊಡೀರಿ ಎಂದು ಯಾರೂ ಕೂಗಲಿಲ್ಲ. ಕೂತವರು ಕೂತಲ್ಲೇ ಇದ್ದರು. ಕೊನೆಯ ಹಾಡಿನಲ್ಲಿ ಬಸು ಬಡಿಗೆಯನ್ನೇ ಮುರಿದ. ಮಾಮು ಕಡೆಯ ಸ್ವರವನ್ನು ಮೇಲಕ್ಕೆಳೆದು, ತಾಳಿ, ಬಿಟ್ಟರು. ಬೆವರು ಗಡ್ಡದಿಂದ ಹನಿಯುತ್ತಿತ್ತು.

ಕಣ ಸಿಡಿಯಿತು. ಚಪ್ಪಾಳೆ, ಸಿಳ್ಳೆ, "ಇನ್ನೊಂದು, ಮಾಮು, ಇನ್ನೊಂದು!" ಎಂಬ ಗದ್ದಲ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ತಿರುಗಿ ನೋಡಿದರೆ ಮಾಮು ಬೆನ್ನು ಮಾಡಿ ಗಿಟಾರಿನ ವೈರು ಸುತ್ತುತ್ತಿದ್ದರು. ಯಾವ ಸದ್ದೂ ಅವರನ್ನು ಮುಟ್ಟಿರಲಿಲ್ಲ. ಡಾಕ್ಟರು ಹೇಳಿದ ವರ್ಷ ಮುಗಿಯುವ ಮೊದಲೇ ಬಲಗಿವಿಯೂ ಹೋಗಿತ್ತು. ಎಂದು ಹೋಗಿತ್ತೋ ನನಗೂ ಹೇಳಿರಲಿಲ್ಲ.

ಭುಜ ಮುಟ್ಟಿ ಜನರ ಕಡೆ ತಿರುಗಿಸಿದೆ. ತೆರೆದ ಬಾಯಿಗಳನ್ನು, ಎತ್ತಿದ ಕೈಗಳನ್ನು ನೋಡಿದರು. "ಏನ ಅನ್ನಾಕತ್ತಾರ?" ಎಂದು ಕೇಳಿದರು. ಒಂದು ಬೆರಳು ತೋರಿಸಿದೆ, ಇನ್ನೊಂದು ಹಾಡು ಎಂದು.

ಮಾಮು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ನನಗ ಕಿವಿ ಕೇಳಂಗಿಲ್ರಿ. ಒಂದೂ ಕೇಳಂಗಿಲ್ಲ. ಮದ್ಲ ಹೇಳಲಿಲ್ಲ, ಮಾಫ್ ಮಾಡ್ರಿ. ನೀವು ಚಪ್ಪಾಳಿ ಹೊಡದ್ರ ನನಗ ತಿಳಿಯೂದಿಲ್ಲ. ಖರೇನ ಇನ್ನೊಂದ ಬೇಕಂದ್ರ ಎದ್ದ ನಿಂದರ್ರಿ. ನೋಡ್ತೇನಿ."

ಗದ್ದಲ ಒಮ್ಮೆಗೇ ನಿಂತಿತು. ಜನರೇಟರು ಒಂದೇ ಡಗಡಗ ಎನ್ನುತ್ತಿತ್ತು. ಪಾಪ ಎಂದು ಯಾರ ಬಾಯಿಂದಲೂ ಬರಲಿಲ್ಲ. ಹಿಂದೆ ಗೋಣಿಚೀಲ ಸರಿದ ಸದ್ದಾಯಿತು, ತೊಗರಿ ಆರಿಸುವ ಹೆಂಗಸರು ಎದ್ದರು. ಹಮಾಲರು ಎದ್ದರು. ಕುರ್ಚಿಯವರು ಎದ್ದರು, ಸಾವಕಾರರು ಎದ್ದರು, ಬಸು ಡ್ರಮ್ಮಿನ ಹಿಂದೆ ಎದ್ದು ನಿಂತ. ಮಾಮು ಅವಸರ ಮಾಡದೆ ಈ ತುದಿಯಿಂದ ಆ ತುದಿಯತನಕ ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ವೈರು ಚುಚ್ಚಿ, ಡಬ್ಬಿಯ ಮೇಲೆ ಕೂತರು. ಆ ಕಣದಲ್ಲಿ ಆಗ ಕೂತಿದ್ದವರು ಅವರೊಬ್ಬರೇ.